ಎಟ್ರಸ್ಕನ್ನರ ವೈನ್ ಪಾತ್ರೆ ನೋಡೋಕೆ ಹೋಗ್ತೀರಾ? ಮೊದಲು ಗೋರಿ ನೋಡಿ, ಮ್ಯೂಸಿಯಂ ಆಮೇಲೆ

ರೋಮ್‌ಗೆ ಹೋಗೋ ನಮ್ಮವರು ಸಾಮಾನ್ಯವಾಗಿ ಕೊಲೊಸಿಯಂ, ವ್ಯಾಟಿಕನ್, ಟ್ರೆವಿ ಫೌಂಟನ್ ಅಂತ ಎರಡು ಮೂರು ದಿನ ಓಡಾಡಿ ಫ್ಲಾರೆನ್ಸ್ ಕಡೆ ಟ್ರೈನ್ ಹತ್ತಿಬಿಡ್ತಾರೆ. ಇನ್ನೆರಡು ದಿನ ಕೈಯಲ್ಲಿದ್ರೆ ದಯವಿಟ್ಟು ಎಟ್ರಸ್ಕನ್ನರಿಗೆ ಅಂತ ಎತ್ತಿಡಿ. ರೋಮ್ ಇನ್ನೂ ಸಣ್ಣ ಊರಾಗಿದ್ದಾಗ ಅದರ ಪಕ್ಕದಲ್ಲೇ ದೊಡ್ಡ ದೊಡ್ಡ ಪಟ್ಟಣ ಕಟ್ಟಿ, ಸಮುದ್ರದ ಮೇಲೆ ವ್ಯಾಪಾರ ಮಾಡಿ, ಗ್ರೀಸ್‌ನಿಂದ ಕಾರ್ಥೇಜ್‌ವರೆಗೂ ಸಂಬಂಧ ಇಟ್ಕೊಂಡಿದ್ದ ಜನ ಇವರು. ಅವರು ಬರೆದ ಸಾಹಿತ್ಯ ಒಂದೂ ನಮಗೆ ಸರಿಯಾಗಿ ಉಳಿದಿಲ್ಲ. ಉಳಿದಿರೋದು ಗೋರಿ, ಗೋರಿಯೊಳಗಿನ ಚಿತ್ರ, ಮತ್ತೆ ಪಾತ್ರೆ. ಆ ಪಾತ್ರೆಗಳಲ್ಲಿ ಎಷ್ಟೊಂದು ವೈನ್‌ಗೆ ಸಂಬಂಧಪಟ್ಟಿದ್ದು ಅಂದ್ರೆ, ತುಂಬೋಕೆ ಒಂದು, ಬೆರೆಸೋಕೆ ಒಂದು, ಸೋಸೋಕೆ ಒಂದು, ಮೊಗೆಯೋಕೆ ಒಂದು, ಸುರಿಯೋಕೆ ಒಂದು, ಕುಡಿಯೋಕೆ ನಾಲ್ಕೈದು ಥರ. ನಾನು ವೈನ್ ಕುಡಿಯೋನಲ್ಲ, ಆದ್ರೂ ಈ ಪಾತ್ರೆಗಳ ಮೇಲೆ ನನಗೆ ವಿಪರೀತ ಪ್ರೀತಿ, ಅದಕ್ಕೇ ಇಷ್ಟು ಉದ್ದ ಬರೀತಿದೀನಿ.

ಮೊದಲನೇ ಮಾತು, ಮುಖ್ಯವಾದ ಮಾತು: ನೋಡೋ ಆರ್ಡರ್. ಬಹಳ ಜನ ರೋಮ್‌ನಲ್ಲೇ ಇದೆ ಅಂತ ವಿಲ್ಲಾ ಜೂಲಿಯಾ ಮ್ಯೂಸಿಯಂಗೆ ಮೊದಲು ಹೋಗ್ತಾರೆ, ಅಲ್ಲಿ ಗಾಜಿನ ಕಪಾಟಿನ ಸಾಲು ಸಾಲು ಕಪ್ಪು ಬಟ್ಟಲು ನೋಡಿ ಅರ್ಧ ಗಂಟೆಗೆ ಕಣ್ಣು ಸೋತು ಹೋಗತ್ತೆ, ಹೊರಗೆ ಬಂದ್ಮೇಲೆ ಒಂದೂ ನೆನಪಿರಲ್ಲ. ಅದನ್ನ ತಿರುಗಿಸಿ ಮಾಡಿ. ಮೊದಲು ತಾರ್ಕ್ವಿನಿಯಾ, ಆಮೇಲೆ ಚೆರ್ವೆತೆರಿ (ಎರಡೂ ಎಟ್ರಸ್ಕನ್ನರ ಹಳೇ ಊರುಗಳು), ಕೊನೆಗೆ ವಿಲ್ಲಾ ಜೂಲಿಯಾ. ತಾರ್ಕ್ವಿನಿಯಾದ ಗೋರಿಗಳ ಗೋಡೆ ಮೇಲೆ ಆ ಜನ ಊಟಕ್ಕೆ ಒರಗಿ ಕೂತು ಅದೇ ಬಟ್ಟಲು ಹಿಡ್ಕೊಂಡಿರೋ ಚಿತ್ರ ಇದೆ, ಯಾರು ಸುರೀತಾರೆ, ಯಾರು ಕುಡೀತಾರೆ, ದೊಡ್ಡ ಪಾತ್ರೆ ಎಲ್ಲಿ ಇಡ್ತಾರೆ ಅನ್ನೋದೆಲ್ಲ ಅಲ್ಲೇ ಗೊತ್ತಾಗತ್ತೆ. ಅದನ್ನ ನೋಡ್ಕೊಂಡು ಬಂದವರಿಗೆ ಮ್ಯೂಸಿಯಂನ ಕಪಾಟು ಬೇರೆನೇ ಕಾಣತ್ತೆ.

ತಾರ್ಕ್ವಿನಿಯಾ ರೋಮ್‌ನಿಂದ ವಾಯವ್ಯಕ್ಕೆ, ಕರಾವಳಿ ಲೈನಲ್ಲಿ. ರೋಮಾ ತೆರ್ಮಿನಿಯಿಂದ ಪೀಸಾ ಕಡೆ ಹೋಗೋ ರೀಜನಲ್ ಟ್ರೈನ್ ಹತ್ತಿದ್ರೆ ಒಂದೂಕಾಲು, ಒಂದೂವರೆ ಗಂಟೆ. ರೀಜನಲ್ ಟ್ರೈನ್‌ಗೆ ಸೀಟ್ ರಿಸರ್ವೇಶನ್ ಇರಲ್ಲ, ಮುಂಚೆನೇ ಬುಕ್ ಮಾಡಿದ್ರೆ ಕಮ್ಮಿ ಆಗತ್ತೆ ಅನ್ನೋದೂ ಇಲ್ಲ, ಆದ್ರೆ ಪೇಪರ್ ಟಿಕೆಟ್ ತಗೊಂಡ್ರೆ ಪ್ಲಾಟ್‌ಫಾರ್ಮ್‌ನಲ್ಲಿರೋ ಮಷೀನ್‌ಗೆ ಹಾಕಿ ಸ್ಟ್ಯಾಂಪ್ ಮಾಡಿಸ್ಕೊಂಡೇ ಹತ್ತಿ, ಇಲ್ಲಾಂದ್ರೆ ಟಿಕೆಟ್ ಇದ್ರೂ ಫೈನ್ ಬೀಳತ್ತೆ. ಸ್ಟೇಶನ್ ಕೆಳಗೆ, ಊರು ಗುಡ್ಡದ ಮೇಲೆ, ಮಧ್ಯೆ ಬಸ್ಸಿದೆ. ಭಾನುವಾರ ಬಸ್ಸು ಬಹಳ ಕಮ್ಮಿ, ಹಾಗಾಗಿ ವಾರದ ದಿನವೇ ಒಳ್ಳೇದು. ಸೋಮವಾರ ಮಾತ್ರ ಬೇಡವೇ ಬೇಡ, ಈ ಜಾಗಗಳೆಲ್ಲ ಸೋಮವಾರ ರಜ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳಿಗೆ ಎಂಟ್ರಿ ಫ್ರೀ ಅಂತ ಕೆಲವರು ಅವತ್ತೇ ಹೋಗ್ತಾರೆ, ಆದ್ರೆ ಗೋರಿಯ ಬಾಗಿಲಲ್ಲಿ ಕ್ಯೂ ನಿಂತು ನೋಡೋದಕ್ಕಿಂತ ಟಿಕೆಟ್ ದುಡ್ಡು ಕೊಡೋದೇ ವಾಸಿ ಅಂತ ನನ್ನ ಅಭಿಪ್ರಾಯ. ಸಮಯ, ರೇಟು ಎಲ್ಲ ಸೀಸನ್‌ಗೆ ಬದಲಾಗ್ತಿರತ್ತೆ, ಹೊರಡೋ ಹಿಂದಿನ ದಿನ ಒಂದ್ಸಲ ಅಫೀಶಿಯಲ್ ಸೈಟಲ್ಲಿ ನೋಡ್ಕೊಳ್ಳಿ.

ಗೋರಿಗಳಿರೋ ಜಾಗದ ಹೆಸರು ಮೊಂತೆರೊತ್ಸಿ. ಊರಿಂದ ನಡ್ಕೊಂಡೇ ಹೋಗಬಹುದು, ಇಪ್ಪತ್ತು ನಿಮಿಷ. ಸುಮಾರು 6000 ಗೋರಿ ಇರೋ ಗುಡ್ಡ ಇದು, ಅದರಲ್ಲಿ ಚಿತ್ರ ಬರೆದಿರೋವು ಸುಮಾರು 200, ನಮಗೆ ತೆರೆದಿಡೋದು ಅದರಲ್ಲಿ ಕೆಲವು ಮಾತ್ರ. ಮೇಲಿಂದ ನೋಡಿದ್ರೆ ಹುಲ್ಲುಗಾವಲಲ್ಲಿ ಅಲ್ಲಲ್ಲಿ ಚಿಕ್ಕ ಚಿಕ್ಕ ಶೆಡ್ ಅಷ್ಟೇ. ಒಂದೊಂದು ಶೆಡ್ ಒಳಗೂ ಕಡಿದಾದ ಮೆಟ್ಟಿಲು, ಕೆಳಗೆ ಗಾಜಿನ ಬಾಗಿಲು, ಪಕ್ಕದಲ್ಲಿ ಲೈಟ್ ಬಟನ್. ಒಳಗೆ ಬಿಡಲ್ಲ, ಉಸಿರಿನ ತೇವಕ್ಕೆ ಬಣ್ಣ ಹಾಳಾಗತ್ತೆ ಅಂತ. ಬಟನ್ ಒತ್ತಿದ್ರೆ ಸ್ವಲ್ಪ ಹೊತ್ತು ಲೈಟ್ ಇರತ್ತೆ, ಆರಿದ್ರೆ ಮತ್ತೆ ಒತ್ತಬೇಕು, ನಾಚ್ಕೋಬೇಡಿ ಎಷ್ಟು ಸಲ ಬೇಕಾದ್ರೂ ಒತ್ತಿ. ಮಂಡಿ ನೋವಿರೋರು, ವಯಸ್ಸಾದವರು ಜೊತೆಗಿದ್ರೆ ಎಲ್ಲಾ ಗೋರಿಗೂ ಇಳಿಸಬೇಡಿ, ಎರಡು ಮೂರು ಆರಿಸ್ಕೊಳ್ಳಿ ಸಾಕು.

ಆರಿಸೋದಾದ್ರೆ ಚಿರತೆಗಳ ಗೋರಿ ಬಿಡಲೇಬೇಡಿ. 1875ರಲ್ಲಿ ಸಿಕ್ಕಿದ್ದು, ಕ್ರಿ.ಪೂ. 5ನೇ ಶತಮಾನದ್ದು. ಎದುರು ಗೋಡೆ ಮೇಲ್ಗಡೆ ತ್ರಿಕೋನದಲ್ಲಿ ಎರಡು ಚಿರತೆ ಎದುರುಬದುರು, ಅದರ ಕೆಳಗೆ ಮೂರು ಮಂಚದ ಮೇಲೆ ಒರಗಿರೋ ಜನ. ಮೈಬಣ್ಣ ಕೆಂಪಾಗಿರೋರು ಗಂಡಸರು, ಬೆಳ್ಳಗಿರೋರು ಹೆಂಗಸರು. ಒಬ್ಬ ಕೈಯಲ್ಲಿ ಮೊಟ್ಟೆ ಹಿಡಿದು ತೋರಿಸ್ತಿದಾನೆ, ಬಡಿಸೋ ಹುಡುಗರು ಬರಿಮೈಯಲ್ಲಿ ನಿಂತಿದಾರೆ. ಬಲಗೋಡೆಗೆ ಕಣ್ಣು ತಿರುಗಿಸಿದ್ರೆ ಮೂರು ಜನ ಸಾಲಾಗಿ ಬರ್ತಿದಾರೆ, ಮುಂದಿರೋನ ಕೈಯಲ್ಲಿ ಅಗಲವಾದ, ಕಾಲಿರೋ ಬಟ್ಟಲು, ಅದೇ ಕೀಲಿಕ್ಸ್, ಅವನ ಹಿಂದೆ ಜೋಡಿ ಕೊಳಲು ಊದೋನು, ಅದರ ಹಿಂದೆ ತಂತಿವಾದ್ಯದೋನು. ಬಟ್ಟಲು ಹಿಡ್ಕೊಂಡೋನ ಬೆರಳುಗಳನ್ನ ಗಮನಿಸಿ, ಎಷ್ಟು ದೊಡ್ಡದಾಗಿ, ಉದ್ದವಾಗಿ ಬರೆದಿದಾನೆ ಆ ಚಿತ್ರಕಾರ. ಗಂಡ ಹೆಂಡತಿ ಒಂದೇ ಮಂಚದಲ್ಲಿ ಒರಗಿ ಎಲ್ಲರ ಎದುರಿಗೆ ಊಟ ಮಾಡೋದು, ಕುಡಿಯೋದು ಗ್ರೀಕರಿಗೆ ಸಹಿಸೋಕೆ ಆಗ್ತಿರಲಿಲ್ಲ, ಅವರಲ್ಲಿ ಮನೆ ಹೆಂಗಸರು ಇಂಥ ಕೂಟಕ್ಕೆ ಬರೋ ಹಾಗೇ ಇರಲಿಲ್ಲ. ಥಿಯೊಪೊಂಪಸ್ ಅನ್ನೋ ಗ್ರೀಕ್ ಇತಿಹಾಸಕಾರ ಎಟ್ರಸ್ಕನ್ ಹೆಂಗಸರ ಬಗ್ಗೆ ಬಾಯಿಗೆ ಬಂದಂಗೆ ಬರೆದಿಟ್ಟಿದಾನೆ. ಈ ಗೋಡೆ ಎದುರಿಗೆ ನಿಂತ್ರೆ ಅವನ ಮಾತು ಎಷ್ಟು ಸಣ್ಣದು ಅನ್ಸತ್ತೆ, ಎಷ್ಟು ಸಲೀಸಾಗಿ, ಸಮಾನವಾಗಿ ಕೂತಿದಾರೆ ಅವರು.

ಸಿಂಹಿಣಿಗಳ ಗೋರಿ ತೆರೆದಿದ್ರೆ ಅದೂ ನೋಡಿ, ಇನ್ನೂ ಹಳೇದು, ಕ್ರಿ.ಪೂ. 520ರ ಆಸುಪಾಸು. ಎದುರು ಗೋಡೆಯ ನಟ್ಟನಡುವೆ ಒಂದು ಭಾರಿ ಪಾತ್ರೆ, ಬಳ್ಳಿಯ ಹಾರ ಹಾಕಿರೋದು, ಆಚೆಈಚೆ ವಾದ್ಯದವರು, ಪಕ್ಕದಲ್ಲಿ ಕುಣಿಯೋರು. ಆ ಭಾರಿ ಪಾತ್ರೆನೇ ಕ್ರೇಟರ್. ಅವತ್ತಿನ ಪದ್ಧತಿಯಲ್ಲಿ ವೈನ್ ಹಾಗೇ ಕುಡೀತಿರಲಿಲ್ಲ, ಕ್ರೇಟರ್‌ನಲ್ಲಿ ನೀರು ಬೆರೆಸ್ತಿದ್ರು. ಅಂಫೊರಾ ಅನ್ನೋ ಚೂಪು ತಳದ ಜಾಡಿಯಲ್ಲಿ ವೈನ್ ಬರ್ತಿತ್ತು, ಅದರಲ್ಲಿ ಗಷ್ಟು, ಸಿಪ್ಪೆ ಎಲ್ಲ ಇರ್ತಿತ್ತು, ಹಾಗಾಗಿ ಕಂಚಿನ ಸೋಸುಕ ಬೇಕು, ಉದ್ದ ಹಿಡಿಯ ಸೌಟು ಬೇಕು, ಆಮೇಲೆ ಹೂಜಿಗೆ ತುಂಬಿ ಬಟ್ಟಲಿಗೆ ಸುರೀಬೇಕು. ಇನ್ನೊಂದು ವಿಚಿತ್ರ ಅಂದ್ರೆ ಆ ಕಾಲದ ಶ್ರೀಮಂತರ ಗೋರಿಗಳಲ್ಲಿ ವೈನ್ ಪಾತ್ರೆ ಜೊತೆಗೆ ಕಂಚಿನ ಪುಟ್ಟ ತುರಿಮಣೆ ಸಿಗತ್ತೆ. ಹೋಮರನ ಕಾವ್ಯದಲ್ಲಿ ವೈನ್ ಮೇಲೆ ಮೇಕೆ ಹಾಲಿನ ಚೀಸ್ ತುರಿದು ಹಾಕೋ ವರ್ಣನೆ ಬರತ್ತೆ, ಅದೇ ಪದ್ಧತಿ ಇಲ್ಲೂ ಇತ್ತು ಅಂತ ವಿದ್ವಾಂಸರು ಹೇಳ್ತಾರೆ. ಮ್ಯೂಸಿಯಂನಲ್ಲಿ ತೂತು ತೂತಿನ ಕಂಚಿನ ತಗಡು ಕಂಡ್ರೆ ಅಡುಗೆಮನೆ ಸಾಮಾನು ಅಂತ ಮುಂದೆ ಹೋಗಬೇಡಿ.

ಗೋರಿ ಮುಗಿಸಿ ಊರಿಗೆ ವಾಪಸ್ ಬಂದು ಪಲಾತ್ಸೊ ವಿತೆಲ್ಲೆಸ್ಕಿಯ ಮ್ಯೂಸಿಯಂ ನೋಡಿ, ಎರಡಕ್ಕೂ ಸೇರಿಸಿ ಒಂದೇ ಟಿಕೆಟ್ ಸಿಗತ್ತೆ. ಜನ ಎಲ್ಲಾ ರೆಕ್ಕೆ ಇರೋ ಕುದುರೆಗಳ ಮುಂದೆ ಫೋಟೋ ತೆಗೆಸ್ಕೊಂಡು ಹೋಗಿಬಿಡ್ತಾರೆ, ಅದು ಚೆಂದನೇ, ಬೇಡ ಅನ್ನಲ್ಲ. ಆದ್ರೆ ನೀವು ಒಂದು ದೊಡ್ಡ ಕೆಂಪು-ಕಪ್ಪು ಕೀಲಿಕ್ಸ್ ಹುಡುಕಿ. ಅಥೆನ್ಸ್‌ನಲ್ಲಿ ಯೂಕ್ಸಿಥಿಯೊಸ್ ಅನ್ನೋ ಕುಂಬಾರ ಮಾಡಿ, ಓಲ್ಟೊಸ್ ಚಿತ್ರ ಬರೆದಿದ್ದು, ಒಲಿಂಪಸ್‌ನಲ್ಲಿ ದೇವರುಗಳೆಲ್ಲ ಕೂತಿರೋ ಸಭೆ. ಅದರ ಪಾದದ ಮೇಲೆ ಎಟ್ರಸ್ಕನ್ ಭಾಷೆಯಲ್ಲಿ ಕೊರೆದಿದೆ, ವೆನೆಲ್ ಅತೆಲಿನಾಸ್ ಅನ್ನೋನು ಇದನ್ನ ತೀನಿಯಾನ ಮಕ್ಕಳಿಗೆ ಅರ್ಪಿಸಿದಾನೆ ಅಂತ. ತೀನಿಯಾ ಅಂದ್ರೆ ಅವರ ದೊಡ್ಡ ದೇವರು. ಅಥೆನ್ಸ್‌ನ ಅತಿ ದುಬಾರಿ ಬಟ್ಟಲು ತರಿಸ್ಕೊಂಡು, ಅದನ್ನ ತಮ್ಮ ದೇವರಿಗೆ ತಮ್ಮ ಭಾಷೆಯಲ್ಲಿ ಕೊಡೋ ಆ ಧೈರ್ಯ ನೋಡಿ. ಯೂಕ್ಸಿಥಿಯೊಸ್ ಹೆಸರು ಮರೀಬೇಡಿ, ಚೆರ್ವೆತೆರಿಯಲ್ಲಿ ಮತ್ತೆ ಸಿಗ್ತಾನೆ.

ಚೆರ್ವೆತೆರಿಗೆ ಇನ್ನೊಂದು ದಿನ ಇಟ್ಕೊಳ್ಳಿ. ಎರಡನ್ನೂ ಒಂದೇ ದಿನ ಮಾಡೋಕೆ ಹೋದ್ರೆ ಬಸ್ ಸ್ಟಾಪಲ್ಲೇ ಅರ್ಧ ದಿನ ಕಳೆಯತ್ತೆ, ಕಾರ್ ಬಾಡಿಗೆಗೆ ತಗೊಂಡಿದ್ರೆ ಮಾತ್ರ ಓಕೆ. ಟ್ರೈನ್ ಇಳಿಯೋ ಸ್ಟೇಶನ್ ಲದಿಸ್ಪೊಲಿ-ಚೆರ್ವೆತೆರಿ, ತೆರ್ಮಿನಿಯಿಂದ ಮುಕ್ಕಾಲು ಗಂಟೆ, ಅಲ್ಲಿಂದ ಚೆರ್ವೆತೆರಿ ಊರಿಗೆ ಬಸ್. ಬಂದಿತಾಚ್ಚಾ ಅನ್ನೋ ಗೋರಿಗಳ ಬಯಲು ಊರಿಂದ ಸುಮಾರು ಎರಡು ಕಿಲೋಮೀಟರ್. ಇದೂ ತಾರ್ಕ್ವಿನಿಯಾನೂ ಸೇರಿ 2004ರಲ್ಲಿ ಯುನೆಸ್ಕೊ ಪಟ್ಟಿಗೆ ಬಂತು. ಇಲ್ಲಿ ಚಿತ್ರ ಕಮ್ಮಿ, ಆದ್ರೆ ಒಳಗೇ ಇಳಿದು ಓಡಾಡಬಹುದು. ಟುಫಾ ಅನ್ನೋ ಮೆದು ಜ್ವಾಲಾಮುಖಿ ಕಲ್ಲು ಕೊರೆದು ಮಾಡಿದ ದುಂಡಗಿನ ಗುಡ್ಡಗಳು, ನಡುವೆ ಬೀದಿ, ಬೀದಿಯಲ್ಲಿ ಗಾಡಿ ಚಕ್ರದ ಗುರುತು, ಒಳಗೆ ಮಂಚ, ಕುರ್ಚಿ, ತೊಲೆ ಎಲ್ಲಾ ಕಲ್ಲಲ್ಲೇ. ಮಳೆ ಬಂದಿದ್ರೆ ಕೆಸರು, ಜಾರತ್ತೆ, ಗ್ರಿಪ್ ಇರೋ ಶೂ ಹಾಕ್ಕೊಳ್ಳಿ, ಮೊಬೈಲ್ ಟಾರ್ಚ್ ಸಾಲಲ್ಲ ಒಂದು ಚಿಕ್ಕ ಟಾರ್ಚ್ ತಗೊಂಡು ಹೋಗಿ. ಬೇಸಿಗೆಯಲ್ಲಿ ನೆರಳು ಕಮ್ಮಿ, ಬೆಳಿಗ್ಗೆ ತೆಗೆಯೋ ಹೊತ್ತಿಗೇ ಹೋಗಿ.

ಉಬ್ಬುಶಿಲ್ಪಗಳ ಗೋರಿ ಅಂತ ಒಂದಿದೆ, ಕ್ರಿ.ಪೂ. 4ನೇ ಶತಮಾನದ್ದು, ಮಾತುನಾಸ್ ಮನೆತನದ್ದು. ಇದಕ್ಕೆ ಮಾತ್ರ ಗಾಜು ಹಾಕಿದಾರೆ. ಕಂಬಗಳ ಮೇಲೆ, ಗೋಡೆ ಮೇಲೆ ಇಡೀ ಮನೆ ಸಾಮಾನನ್ನ ಗಾರೆಯಲ್ಲಿ ಉಬ್ಬಿಸಿ ಬಣ್ಣ ಹಚ್ಚಿದಾರೆ: ಹಗ್ಗ, ಚಾಕು, ಕೊಡಲಿ, ಸೌಟು, ಹೂಜಿ, ಮೊಳೆಗೆ ನೇತುಹಾಕಿದ ಬಟ್ಟಲು. ಬಟ್ಟಲಿಗೆ ಯಾಕೆ ಅಷ್ಟು ದೊಡ್ಡ ಹಿಡಿ ಅನ್ನೋ ಪ್ರಶ್ನೆಗೆ ಒಂದು ಉತ್ತರ ಇಲ್ಲೇ ಕಾಣತ್ತೆ, ಕೆಲಸ ಮುಗಿದ್ಮೇಲೆ ಗೋಡೆಗೆ ನೇತುಹಾಕೋಕೂ ಹಿಡಿ ಬೇಕಲ್ಲ.

ಊರೊಳಗೆ ಕೋಟೆಯಲ್ಲಿರೋ ಮ್ಯೂಸಿಯಂ ಚಿಕ್ಕದು, ಆದ್ರೆ ಅಲ್ಲಿರೋ ಒಂದು ಪಾತ್ರೆಗೋಸ್ಕರ ಜಗತ್ತಿನ ಯಾವ ಮೂಲೆಯಿಂದ ಬೇಕಾದ್ರೂ ಬರಬಹುದು. ಸರ್ಪೆಡಾನ್ ಕ್ರೇಟರ್. ಮಾಡಿದ್ದು ಅದೇ ಯೂಕ್ಸಿಥಿಯೊಸ್, ಚಿತ್ರ ಯೂಫ್ರೋನಿಯೊಸ್‌ದು, ಕ್ರಿ.ಪೂ. 515ರ ಸುಮಾರು. ಎತ್ತರ 46 ಸೆಂಟಿಮೀಟರ್ ಹತ್ತಿರ, 45 ಲೀಟರ್‌ನಷ್ಟು ಹಿಡಿಯತ್ತೆ. ಟ್ರಾಯ್ ಯುದ್ಧದಲ್ಲಿ ಸತ್ತ ಸರ್ಪೆಡಾನ್ ಅನ್ನೋ ವೀರನ ಹೆಣವನ್ನ ನಿದ್ದೆ ಮತ್ತೆ ಸಾವು ಅನ್ನೋ ಅವಳಿ ದೇವತೆಗಳು ಎತ್ತುತಿದಾರೆ, ನಡುವೆ ಹರ್ಮಿಸ್ ದೇವರು ನಿಂತಿದಾನೆ, ಗಾಯದಿಂದ ರಕ್ತ ಸುರೀತಿದೆ. ಕುಡಿಯೋ ಕೂಟದ ನಡುವೆ ಇಂಥ ಚಿತ್ರ ಇಡ್ತಿದ್ರು ಅನ್ನೋದನ್ನ ಯೋಚನೆ ಮಾಡಿದ್ರೇ ಮೈ ಜುಂ ಅನ್ನತ್ತೆ. 1971ರಲ್ಲಿ ಗೋರಿಗಳ್ಳರು ಇದನ್ನ ಇದೇ ಚೆರ್ವೆತೆರಿಯಲ್ಲಿ ಕದ್ದು ಅಗೆದ್ರು. ಮರುವರ್ಷ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ 10 ಲಕ್ಷ ಡಾಲರ್ ಕೊಟ್ಟು ಕೊಂಡ್ಕೊಳ್ತು, ಇಟಲಿ ಬಿಡದೆ ಹೋರಾಡಿ 2008ರಲ್ಲಿ ವಾಪಸ್ ತರಿಸ್ಕೊಂಡ್ತು. ಕದ್ದು ಅಗೆದಿದ್ದರಿಂದ ಅದು ಯಾರ ಗೋರಿಯಲ್ಲಿತ್ತು, ಅದರ ಪಕ್ಕದಲ್ಲಿ ಇನ್ನೇನೇನಿತ್ತು, ಯಾವ ಬಟ್ಟಲು ಜೊತೆ ಇಟ್ಟಿದ್ರು ಅನ್ನೋ ಮಾಹಿತಿಯೆಲ್ಲ ಮಣ್ಣುಪಾಲಾಯ್ತು, ನನಗೆ ಅದರ ಸಂಕಟ ಪಾತ್ರೆ ಕಳೆದುಹೋದಷ್ಟೇ ಇದೆ. ಈಗ ಅದು ಹುಟ್ಟೂರಲ್ಲ, ಆದ್ರೆ ಬಾಳಿದ ಊರಲ್ಲಂತೂ ಇದೆ. ಸುತ್ತಲೂ ಜನ ಇರಲ್ಲ, ಅರ್ಧ ಗಂಟೆ ಒಬ್ಬರೇ ನಿಂತು ನೋಡಬಹುದು.

ಮೂರನೇದು ರೋಮ್‌ನಲ್ಲೇ, ವಿಲ್ಲಾ ಜೂಲಿಯಾ. ಮೆಟ್ರೊ ಎ ಲೈನಲ್ಲಿ ಫ್ಲಮಿನಿಯೊ ಇಳಿದು ನಡೀಬಹುದು. ಪೋಪ್ 3ನೇ ಜೂಲಿಯಸ್ ಕಟ್ಟಿಸಿದ ಅರಮನೆ, 1889ರಿಂದ ಮ್ಯೂಸಿಯಂ. ದಂಪತಿಗಳ ಶವಪೆಟ್ಟಿಗೆ ಇಲ್ಲೇ ಇರೋದು, ಗಂಡ ಹೆಂಡತಿ ಒರಗಿ ನಗ್ತಿರೋ ಮಣ್ಣಿನ ಶಿಲ್ಪ, ಚೆರ್ವೆತೆರಿಯಲ್ಲಿ ಚೂರು ಚೂರಾಗಿ ಸಿಕ್ಕಿದ್ದನ್ನ ಜೋಡಿಸಿದ್ದು. ತಾರ್ಕ್ವಿನಿಯಾ ನೋಡಿ ಬಂದಿದ್ರೆ ಆ ನಾಲ್ಕು ಕೈಗಳಲ್ಲಿ ಈಗ ಕಾಣೆಯಾಗಿರೋದು ಏನಿರಬಹುದು ಅಂತ ನೀವೇ ಊಹಿಸ್ತೀರ.

ಆಮೇಲೆ ಬುಕ್ಕೆರೊ. ಕಪಾಟಲ್ಲಿ ಸಾಲು ಸಾಲಾಗಿರೋ ಆ ಕಪ್ಪು ಮಣ್ಣಿನ ಪಾತ್ರೆ ಇದೇ, ಎಟ್ರಸ್ಕನ್ನರ ಸ್ವಂತದ್ದು, ಕ್ರಿ.ಪೂ. 7ನೇ ಶತಮಾನದಲ್ಲಿ ಚೆರ್ವೆತೆರಿ ಸೀಮೆಯಲ್ಲಿ ಶುರುವಾಗಿದ್ದು. ಬಣ್ಣ ಹಚ್ಚಿ ಕಪ್ಪು ಮಾಡಿದ್ದಲ್ಲ. ಆವಿಗೆಯ ಗಾಳಿಕಂಡಿ ಮುಚ್ಚಿ ಹೊಗೆಯಲ್ಲೇ ಸುಡ್ತಾರೆ, ಆಮ್ಲಜನಕ ಸಿಗದೆ ಜೇಡಿಮಣ್ಣಿನಲ್ಲಿರೋ ಕಬ್ಬಿಣದ ಆಕ್ಸೈಡ್ ಕೆಂಪು ಬಿಟ್ಟು ಕಪ್ಪಾಗತ್ತೆ, ಮುರಿದ ಚೂರಿನ ಅಂಚು ನೋಡಿದ್ರೆ ಒಳಗೂ ಕಪ್ಪೇ. ನಮ್ಮ ಬ್ರಹ್ಮಗಿರಿ, ಮಸ್ಕಿ ಕಡೆಯ ಕಬ್ಬಿಣಯುಗದ ಕಪ್ಪು-ಕೆಂಪು ಮಡಕೆ ನೋಡಿರೋರಿಗೆ ಈ ಆವಿಗೆ ವಿದ್ಯೆ ಪೂರ್ತಿ ಹೊಸದು ಅನ್ಸಲ್ಲ, ಅಲ್ಲೂ ಗಾಳಿ ತಾಗದ ಕಡೆ ಕಪ್ಪು, ತಾಗಿದ ಕಡೆ ಕೆಂಪು. ಒಂದು ಕಾಂತರೋಸ್ ಹುಡುಕಿ, ಎರಡು ಹಿಡಿಯ ಬಟ್ಟಲು, ಮುಂದೆ ಕೂತು ಕಣ್ಣನ್ನ ಕಪಾಟಿನ ಮಟ್ಟಕ್ಕೆ ತನ್ನಿ. ಹಿಡಿ ಎರಡೂ ಪಟ್ಟಿ ಥರ ಅಗಲ, ಬಾಯಿಗಿಂತ ಎತ್ತರಕ್ಕೆ ಎದ್ದು ಬಾಗಿ ಕೆಳಗೆ ಬಂದು ಹೊಟ್ಟೆ ಹತ್ತಿರ ಸೇರತ್ತೆ. ಹೊಟ್ಟೆ ತಿರುಗೋ ಅಂಚಲ್ಲಿ ಸುತ್ತಲೂ ಕಚ್ಚು ಕಚ್ಚು. ಮೇಲ್ಭಾಗದಲ್ಲಿ ಚುಕ್ಕಿಗಳಿಂದ ಮಾಡಿದ ಪುಟ್ಟ ಬೀಸಣಿಗೆಗಳು, ಹಲ್ಲಿನ ಉಪಕರಣ ಒತ್ತಿ ಮಾಡಿರೋದು, ಕೆಲವು ಬಿಚ್ಚಿರೋವು, ಕೆಲವು ಮುಚ್ಚಿ ಮಲಗಿರೋವು. ಒಳ್ಳೆ ಹಳೇ ಬುಕ್ಕೆರೊದ ಗೋಡೆ ಎಷ್ಟು ತೆಳು ಅಂದ್ರೆ ಮಣ್ಣು ಅಂತ ನಂಬೋಕೇ ಆಗಲ್ಲ, ಮತ್ತೆ ಆ ಮಿರುಗು, ಅದು ಸುಡೋ ಮುಂಚೆ ಉಜ್ಜಿ ಉಜ್ಜಿ ಬರಿಸಿದ್ದು. ಬೆಳ್ಳಿ ಬಟ್ಟಲಿನ ಆಕಾರವನ್ನೇ ಮಣ್ಣಲ್ಲಿ ತರೋಕೆ ಹೊರಟಿದ್ದು ಅವರು. ಮುಂದೆ ಚಿಯೂಸಿ ಕಡೆ ದಪ್ಪ ಬುಕ್ಕೆರೊ ಬಂತು, ತಲೆ, ಪ್ರಾಣಿ ಎಲ್ಲ ಅಂಟಿಸಿ ಭಾರ ಮಾಡಿದ್ದು, ನನಗೆ ಅದು ಅಷ್ಟು ಹಿಡಿಸಲ್ಲ.

ಈ ಕಾಂತರೋಸ್‌ಗಳು ಅಂಫೊರಾಗಳ ಜೊತೆ ಹಡಗಲ್ಲಿ ದಕ್ಷಿಣ ಫ್ರಾನ್ಸ್‌ವರೆಗೂ ಹೋದ್ವು. ಮೊಂಪೆಲಿಯೆ ಪಕ್ಕದ ಲಾತ್‌ನಲ್ಲಿ ಸಿಕ್ಕ ಎಟ್ರಸ್ಕನ್ ಅಂಫೊರಾಗಳ ಒಳಗೆ ದ್ರಾಕ್ಷಿ ವೈನ್ ಉಳಿಕೆ ಇದೆ ಅಂತ 2013ರಲ್ಲಿ ರಸಾಯನ ಪರೀಕ್ಷೆಯಿಂದ ಪ್ರಕಟವಾಯ್ತು, ಪೈನ್ ರಾಳ, ಗಿಡಮೂಲಿಕೆ ಬೆರೆಸಿದ್ದಕ್ಕೂ ಕುರುಹು ಸಿಕ್ಕಿತು. ಫ್ರಾನ್ಸ್‌ಗೆ ವೈನ್ ರುಚಿ ಹತ್ತಿಸಿದವರಲ್ಲಿ ಇವರೇ ಮುಂಚೂಣಿ. ಇನ್ನೊಂದು ಕಡೆ ಅಥೆನ್ಸ್‌ನ ನಿಕೊಸ್ಥೆನೆಸ್ ಅನ್ನೋ ಕುಂಬಾರ ಬುಕ್ಕೆರೊ ಅಂಫೊರಾದ ಅಗಲ ಹಿಡಿಯ ಆಕಾರ ನಕಲು ಮಾಡಿ, ಅದರ ಮೇಲೆ ಗ್ರೀಕ್ ಚಿತ್ರ ಬರೆಸಿ, ಮತ್ತೆ ಎಟ್ರಸ್ಕನ್ನರಿಗೇ ಮಾರ್ತಿದ್ದ, ಬಹುಪಾಲು ಚೆರ್ವೆತೆರಿಗೇ ಹೋಗ್ತಿತ್ತು. ಎಟ್ರಸ್ಕನ್ನರು ಗ್ರೀಕರ ನಕಲು ಅಷ್ಟೇ ಅಂತ ಯಾರಾದ್ರೂ ಗೈಡ್ ಹೇಳಿದ್ರೆ ಇದನ್ನ ತೋರಿಸಿ.

ಹೊರಡೋ ಮುಂಚೆ ಚೀಜಿ ಹೂಜಿ ನೋಡಿ, ಗ್ರೀಸ್‌ನ ಕೊರಿಂಥ್‌ನದ್ದು, ವೆಯಿ ಅನ್ನೋ ಎಟ್ರಸ್ಕನ್ ಪಟ್ಟಣದ ಹತ್ತಿರದ ಗೋರಿಯಲ್ಲಿ ಸಿಕ್ಕಿದ್ದು, 26 ಸೆಂಟಿಮೀಟರ್ ಅಷ್ಟೇ, ಅದರ ಮೇಲೆ ಇಡೀ ಸೈನ್ಯ ಕೊಳಲಿನ ತಾಳಕ್ಕೆ ನುಗ್ತಿದೆ. ಹಾಗೇ ಫಲಿಸ್ಕನ್ನರ ಊರು ಫಲೇರಿಯಿಯ ಬಟ್ಟಲೊಂದನ್ನ ಹುಡುಕಿ. ಫಲಿಸ್ಕನ್ನರು ಎಟ್ರಸ್ಕನ್ನರ ನೆರೆಯವರು, ಭಾಷೆ ಲ್ಯಾಟಿನ್‌ಗೆ ಹತ್ತಿರದ್ದು. ಆ ಬಟ್ಟಲ ಮೇಲೆ ಬರೆದಿರೋದು, ಇವತ್ತು ವೈನ್ ಕುಡೀತೀನಿ, ನಾಳೆ ಇಲ್ಲ, ಅಂತ. ಕ್ರಿ.ಪೂ. 4ನೇ ಶತಮಾನದ ಮಾತು.

ವ್ಯಾಟಿಕನ್ ಮ್ಯೂಸಿಯಂಗೆ ಹೇಗೂ ಹೋಗ್ತೀರ, ಸಿಸ್ಟೀನ್ ಚಾಪೆಲ್ ಕಡೆ ಎಲ್ಲರ ಜೊತೆ ನುಗ್ಗೋ ಮೊದಲು ಅಲ್ಲಿನ ಗ್ರೆಗೋರಿಯನ್ ಎಟ್ರಸ್ಕನ್ ವಿಭಾಗಕ್ಕೆ ಮೇಲೆ ಹತ್ತಿ. 1836ರಲ್ಲಿ ಚೆರ್ವೆತೆರಿಯಲ್ಲಿ ತೆರೆದ ರೆಗೊಲಿನಿ-ಗಲಾಸ್ಸಿ ಗೋರಿಯ ಸಾಮಾನು ಅಲ್ಲಿದೆ, ಬೆಳ್ಳಿ ಬಟ್ಟಲ ಮೇಲೆ ಲಾರ್ಥಿಯಾ ಅಂತ ಹೆಸರು ಕೊರೆದಿರೋದು, ಬುಕ್ಕೆರೊ ಯಾವುದನ್ನ ಹಿಂಬಾಲಿಸ್ತು ಅಂತ ಆ ಬೆಳ್ಳಿ ನೋಡಿದ್ರೆ ಗೊತ್ತಾಗತ್ತೆ. ಅಥೆನ್ಸ್‌ನ ಚಿತ್ರಕಾರ ಎಕ್ಸೀಕಿಯಾಸ್‌ನ ಅಂಫೊರಾನೂ ಅಲ್ಲೇ, ಗ್ರೀಕ್ ವೀರರಾದ ಅಕಿಲೀಸ್ ಮತ್ತೆ ಅಜಾಕ್ಸ್ ಪಗಡೆ ಥರದ ಆಟ ಆಡ್ತಿರೋದು, ವುಲ್ಚಿ ಅನ್ನೋ ಇನ್ನೊಂದು ಎಟ್ರಸ್ಕನ್ ಪಟ್ಟಣದಲ್ಲಿ ಸಿಕ್ಕಿದ್ದು. ವುಲ್ಚಿ ಹೆಸರು ಕೇಳಿದ್ರೆ ನನಗೆ ಬೇಜಾರೇ ಮೊದಲು. 19ನೇ ಶತಮಾನದಲ್ಲಿ ಅಲ್ಲಿ ಅಗೀತಿದ್ದವರು ಚಿತ್ರ ಇರೋ ಗ್ರೀಕ್ ಪಾತ್ರೆ ಮಾತ್ರ ಎತ್ಕೊಂಡು, ಸಾದಾ ಕಪ್ಪು ಪಾತ್ರೆಗಳನ್ನ ಕೆಲಸಕ್ಕೆ ಬಾರದ್ದು ಅಂತ ಕಾಲಲ್ಲಿ ತುಳಿದು ಪುಡಿ ಮಾಡ್ತಿದ್ದನ್ನ ಕಣ್ಣಾರೆ ಕಂಡ ಇಂಗ್ಲಿಷ್ ಪ್ರವಾಸಿಯೊಬ್ಬರು ಬರೆದಿಟ್ಟಿದಾರೆ.

ಊಟದ ಬಗ್ಗೆ ಎರಡು ಮಾತು. ವೆಜ್‌ನವರಿಗೆ ಈ ಕಡೆ ಕಷ್ಟ ಇಲ್ಲ, ಪಿತ್ಸಾ ಬಿಯಾಂಕಾ, ಕಾಚೊ ಎ ಪೆಪೆ ಅನ್ನೋ ಚೀಸ್-ಮೆಣಸಿನ ಪಾಸ್ತಾ, ಲದಿಸ್ಪೊಲಿ ಕಡೆಯ ಆರ್ಟಿಚೋಕ್ ತರಕಾರಿ ಸಿಗತ್ತೆ, ಏಪ್ರಿಲ್‌ನಲ್ಲಿ ಅಲ್ಲಿ ಆರ್ಟಿಚೋಕ್ ಜಾತ್ರೆನೇ ಆಗತ್ತೆ. ಸೂಪ್ಲಿ ಅನ್ನೋ ಅನ್ನದ ಉಂಡೆ ತಗೊಳ್ಳೋ ಮುಂಚೆ ಮಾಂಸ ಇದೆಯಾ ಅಂತ ಕೇಳಿ, ಸಾಮಾನ್ಯವಾಗಿ ಇರತ್ತೆ. ಮಧ್ಯಾಹ್ನ ಚಿಕ್ಕ ಊರುಗಳಲ್ಲಿ ಅಂಗಡಿ ಮುಚ್ಚಿಬಿಡ್ತಾರೆ, ನೀರು, ಹಣ್ಣು ಬ್ಯಾಗಲ್ಲಿರಲಿ. ವೈನ್ ಕುಡಿಯೋರಿಗೆ ಚೆರ್ವೆತೆರಿ ಹೆಸರಿನ ವೈನ್ ಈಗಲೂ ಅದೇ ಮಣ್ಣಲ್ಲಿ ಬೆಳೆಯತ್ತೆ. ಮಾರ್ಚ್ ಕೊನೆಯಿಂದ ಮೇವರೆಗೆ, ಇಲ್ಲಾ ಅಕ್ಟೋಬರ್, ಇವೇ ಒಳ್ಳೆ ತಿಂಗಳು.

ನೆನಪಿಗೆ ಏನಾದ್ರೂ ತರೋದಾದ್ರೆ ಈಗಿನ ಕುಂಬಾರರು ಅದೇ ವಿಧಾನದಲ್ಲಿ ಸುಟ್ಟ ಹೊಸ ಬುಕ್ಕೆರೊ ಸಿಗತ್ತೆ, ಅದನ್ನ ತಗೊಳ್ಳಿ, ಬಿಲ್ ಇಸ್ಕೊಳ್ಳಿ. ಯಾರಾದ್ರೂ ಹತ್ತಿರ ಬಂದು ಹಳೇದು, ಗೋರಿಯದ್ದು ಅಂತ ಪಿಸುಗುಟ್ಟಿದ್ರೆ ಅಲ್ಲಿಂದ ನಡೆದುಬಿಡಿ. 1909ರ ಕಾನೂನಿನಿಂದಲೇ ನೆಲದಡಿ ಸಿಕ್ಕಿದ್ದು ಇಟಲಿ ಸರ್ಕಾರದ ಆಸ್ತಿ, ಏರ್‌ಪೋರ್ಟಲ್ಲಿ ಸಿಕ್ಕಿಹಾಕ್ಕೊಂಡ್ರೆ ಕೇಸಾಗತ್ತೆ, ಅದಕ್ಕಿಂತ ಹೆಚ್ಚಾಗಿ ಹಾಗೆ ಕೊಂಡ ಒಂದೊಂದು ಬಟ್ಟಲೂ ಇನ್ನೊಂದು ಗೋರಿ ಒಡೆಯೋಕೆ ಕೊಟ್ಟ ಕೂಲಿ. ಹೊಸ ಕಾಂತರೋಸ್ ತಂದ್ರೆ ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ, ಮೊದಲು ಮುರಿಯೋದೇ ಆ ಎತ್ತರದ ಹಿಡಿ. ಒಳಗೆ ಕಾಲುಚೀಲ ತುಂಬಿ, ಹಿಡಿಗಳ ಸಂದಿಗೆ ಮೆತ್ತಗಿನ ಬಟ್ಟೆ ಸುತ್ತಿ, ಕ್ಯಾಬಿನ್ ಬ್ಯಾಗಲ್ಲಿ ಕೈಯಲ್ಲೇ ತನ್ನಿ.